ಐದು ನಿಮಿಷಕ್ಕೊಂದು ನೋವು

೧೯೬೨, ಫಾಲ್ಗುಣ ಬಹುಳ ತದಿಗೆ, ಮಧ್ಯಾಹ್ನ ಎರಡು ಗಂಟೆ. ಅಮ್ಮನಿಗೆ ಹೆರಿಗೆ ನೋವು ಶುರುವಾದ ಹೊತ್ತನ್ನು ಹೀಗೆ ಬರೆದಿಟ್ಟಿದ್ದೆ. ಬಿಸಿ ಹರಳೆಣ್ಣೆಯ ವಾಸನೆ ಬಂದರೆ ಈಗಲೂ ನಾನು ಎದ್ದು ಹೊರಗೆ ಹೋಗುತ್ತೇನೆ.

ನೋವು ಬಂದಾಗೊಮ್ಮೆ ನಾನು ಗೀಟು ಎಳೆಯುತ್ತಿದ್ದೆ. ನಾಲ್ಕು ಗಂಟೆಗೆ ಎಂಟು ಗೀಟಾಗಿತ್ತು, ಹದಿನೈದು ನಿಮಿಷಕ್ಕೊಂದು. ಅಮ್ಮ ಸೆರಗು ಕಚ್ಚಿಕೊಂಡು ಒದ್ದಾಡುವುದನ್ನು ನೋಡಲಾಗುತ್ತಿರಲಿಲ್ಲ. ಅಜ್ಜಿ ನನ್ನನ್ನು ಯಲ್ಲಾಪುರ ಪೇಟೆಯಾಚೆ, ಮರ ಕಡಿಯುವವರ ಬಿಡಾರಕ್ಕೆ ಓಡಿಸಿದಳು. ಸುತ್ತಿಗೆಲ್ಲ ಒಬ್ಬಳೇ ಸೂಲಗಿತ್ತಿ ಗಂಗಕ್ಕ. ಅವಳು ಅಲ್ಲಿದ್ದಳು.

ಚಾಪೆಯ ಮೇಲೆ ಒಬ್ಬಳು ನರಳುತ್ತಿದ್ದಳು. ಗಂಗಕ್ಕ ಅವಳ ಹೊಟ್ಟೆಗೆ ಬಿಸಿ ಹರಳೆಣ್ಣೆ ಸವರುತ್ತಿದ್ದಳು.

"ಬಂದ್ರಾ ಲೆಕ್ಕದ ಅಕ್ಕೋರು! ಅಮ್ಮಂಗೆ ಎಷ್ಟೊತ್ತಿಗೊಂದು ನೋವು?"

"ಐದು ನಿಮಿಷಕ್ಕೊಂದು," ಎಂದೆ, ಹದಿನೈದರ ಲೆಕ್ಕ ಗೊತ್ತಿದ್ದೂ.

ಅವಳ ಕೈ ನಿಂತಿತು. "ಇವಳಿಗೆ ಹತ್ತು. ಹಂಗಾರೆ ಅಲ್ಲಿಗೇ ಮೊದ್ಲು."

"ಬಿಟ್ಟು ಹೋಗಬ್ಯಾಡ್ರಿ, ಅಕ್ಕಾರ," ಎಂದು ಆ ಹೆಂಗಸು ಅವಳ ಸೆರಗು ಹಿಡಿದಳು.

ಗಂಗಕ್ಕ ಒಂದೊಂದೇ ಬೆರಳು ಬಿಡಿಸಿದಳು. "ದೀಪ ಹಚ್ಚೂದ್ರೊಳಗೆ ಬರ್ತೆ, ತಂಗೀ."

ತಮ್ಮ ಹುಟ್ಟಿದಾಗ ಎಂಟೂವರೆ. ಗಂಗಕ್ಕ ಕೈ ತೊಳೆದವಳೇ ಬಿಡಾರಕ್ಕೆ ಓಡಿದಳು. ಅಲ್ಲಿ ಏನಾಯಿತೆಂದು ಅವಳನ್ನು ಕೇಳುವ ಧೈರ್ಯ ನನಗೆ ಯಾವತ್ತೂ ಬರಲಿಲ್ಲ. ಬಿಡಾರವೂ ಬೇಗನೆ ಬೇರೆ ಕಾಡಿಗೆ ಹೋಯಿತು.

ಆ ಬೇಸಿಗೆಯಲ್ಲಿ ಅಲ್ಲಿದ್ದವರು ಯಾರಾದರೂ ಇದನ್ನು ಓದಿದರೆ, ಆ ತಾಯಿ ಮಗು ಉಳಿದರೇ ಎಂದು ನನಗೆ ಬರೆಯಿರಿ.