ನೀಲವ್ವನ ಸ್ಲೈಡ್ ಪೆಟ್ಟಿಗೆ

ನೆಂಟರೆಲ್ಲ ಊರಿಗೆ ಹೋದ ಮರುದಿನ ಬೆಳಿಗ್ಗೆ ಆರಕ್ಕೆ ಗಂಡನ ಫೋನಿನ ಅಲಾರಂ ಹೊಡೆದುಕೊಂಡಿತು.

ಪರದೆಯ ಮೇಲೆ 'ಇಲಿಗಳಿಗೆ ಊಟ' ಎಂದಿತ್ತು.

ಮಧುಮತಿ ಅದನ್ನು ಆರಿಸಿದಳು. ಅಳು ಬರಲಿಲ್ಲ... ಹದಿಮೂರು ದಿನದಿಂದಲೂ ಬಂದಿರಲಿಲ್ಲ.

ಗಂಡ ಗುರುಪಾದ ಧಾರವಾಡದಲ್ಲಿ ಪ್ರಾಣಿಶಾಸ್ತ್ರದ ಮೇಷ್ಟ್ರು. ಮೂವತ್ತೇಳನೇ ವಯಸ್ಸಿಗೇ ಹೃದಯ ಕೈಕೊಟ್ಟು ಹೋಗಿಬಿಟ್ಟಿದ್ದ.

ಅವನೇ ಓಡಾಡಿ ಗೊತ್ತುಮಾಡಿದ್ದ ವಿಜ್ಞಾನ ಸಮ್ಮೇಳನಕ್ಕೆ ಇನ್ನು ಒಂಬತ್ತೇ ದಿನ. ಸಂತಾನೋತ್ಪತ್ತಿ ಅಂಗಗಳಿಗೆ ಹೇಗೆ ವಯಸ್ಸಾಗುತ್ತದೆ, ಅಂಡಾಶಯ ಯಾವಾಗ ದಣಿಯುತ್ತದೆ... ಇದೇ ವಿಷಯ.

ಮಗುವಿನ ಮಾತೆತ್ತಿದಾಗಲೆಲ್ಲ ಅವನದು ಒಂದೇ ಉತ್ತರ. "ಈ ಕಾನ್ಫರೆನ್ಸ್ ಒಂದು ಮುಗೀಲಿ, ಮಧು."

ಏಳಕ್ಕೆ ವಿಭಾಗದ ಮುಖ್ಯಸ್ಥ ಇಟಗಿ ಸರ್ ಫೋನ್ ಮಾಡಿದರು.

"ಧೈರ್ಯ ತಗೋಬೇಕಮ್ಮಾ... ಅಂದಂಗ, ಗುರುಪಾದನ ಲ್ಯಾಪ್‌ಟಾಪ್ ಪಾಸ್‌ವರ್ಡ್ ಏನು? ಡೆಲಿಗೇಟ್ ಲಿಸ್ಟ್ ಅದರಾಗೇ ಐತಿ. ಫೈಲೂ ಬೇಕಾಗಿತ್ತು."

ಎಂಟಕ್ಕೆ ಅಡುಗೆ ಕಂಟ್ರಾಕ್ಟರ್. "ಸರ್ ಅದಾರೇನ್ರಿ? ಹೋಳಿಗೀನೋ ಜಿಲೇಬೀನೋ ಫೈನಲ್ ಮಾಡ್ರಿ ಅಂತ ಹೇಳ್ರಿ."

"ಹೋಳಿಗಿ" ಎಂದು ಫೋನಿಟ್ಟಳು.

ಸಮ್ಮೇಳನದ ಫೈಲ್ ತೆರೆದಳು. ಮೊದಲ ಪುಟದಲ್ಲೇ ಅವನ ಕೈಬರಹ...

'ನೀಲವ್ವನವರ ಪೆಟ್ಟಿಗೆ ಕಡ ತಂದಿದ್ದೇನೆ. ಸ್ಲೈಡುಗಳನ್ನು ಅವರೇ ಕುಳಿತು ವಿವರಿಸಬೇಕು. ಮುಗಿದ ದಿನವೇ ಅವರ ಮನೆಗೆ ಮುಟ್ಟಿಸಬೇಕು. ಮಾತು ಕೊಟ್ಟಿದ್ದೇನೆ.'

ಮಧುಮತಿಗೆ ನೀಲವ್ವ ಗೊತ್ತು. ತಾನು ಎಂಎಸ್ಸಿ ಓದಿದ್ದೂ ಗಂಡನ ವಿಭಾಗದಲ್ಲೇ. ನೀಲವ್ವ ಆಗ ಅಲ್ಲಿ ಲ್ಯಾಬ್ ಸಹಾಯಕಿ. ಮುದಿ ಇಲಿಗಳ ಅಂಡಾಶಯವನ್ನು ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಕತ್ತರಿಸಿ ಗಾಜಿಗಂಟಿಸುವುದರಲ್ಲೇ ಮೂವತ್ತು ವರ್ಷ ಸವೆಸಿದವಳು.

ಲ್ಯಾಬ್ ನವೀಕರಣವಾದಾಗ ಆ ಸ್ಲೈಡುಗಳ ಪೆಟ್ಟಿಗೆ ಕಸಕ್ಕೆ ಬಿದ್ದಿತ್ತು. ಆ ವರ್ಷವೇ ನಿವೃತ್ತಳಾದ ನೀಲವ್ವ ಕೇಳಿ ಪಡೆದು ಮನೆಗೊಯ್ದು, ಟ್ರಂಕಿನಲ್ಲಿ ಸೀರೆಗಳ ನಡುವೆ ಇಟ್ಟುಕೊಂಡಿದ್ದಳು.

ಮಧುಮತಿ ಫೈಲ್ ಹಿಡಿದು ವಿಭಾಗಕ್ಕೆ ಹೋದಳು.

ಇಟಗಿ ಸರ್ ಪೆಟ್ಟಿಗೆ ತೆರೆದು ತೋರಿಸಿದರು. "ನೋಡ್ರಿ, ಎಷ್ಟು ನೀಟ್ ಆಗ್ಯಾವು! ಇದರ ಮ್ಯಾಲೆ ಕನ್ನಡ ಚೀಟಿ ಇದ್ವು. ಗೌರವ್ವ, ನಿಂಗವ್ವ ಅಂತ ಇಲಿಗೋಳಿಗೆ ಹೆಸರು ಬ್ಯಾರೆ! ಹೊರಗಿನವ್ರು ನಕ್ಕಾರು ಅಂತ ಎಲ್ಲಾ ಕಿತ್ತಿಸಿ, ಪ್ರಿಂಟೆಡ್ ಸ್ಟಿಕರ್ ಹಚ್ಚಿಸೀನಿ."

"ಸರ್... ಯಾವ ಇಲಿಗೆ ಎಷ್ಟು ವಯಸ್ಸು ಅನ್ನೋದು ಆ ಚೀಟಿಯೊಳಗೇ ಇತ್ತಲ್ರೀ."

ಇಟಗಿ ಸರ್ ಸ್ಟಿಕರ್ ನೋಡಿದರು. ಒಂದು, ಎರಡು, ಮೂರು... ಅಷ್ಟೇ.

ವಯಸ್ಸಾಗುವುದರ ಬಗ್ಗೆ ಸಮ್ಮೇಳನ... ವಯಸ್ಸನ್ನೇ ಕಿತ್ತು ಬುಟ್ಟಿಗೆ ಹಾಕಿದ್ದರು!

ಮಧುಮತಿಗೆ ಕಿರುಚಬೇಕೆನಿಸಿತು. ಕಿರುಚಲಿಲ್ಲ. ಸ್ಕೂಟರ್ ತೆಗೆದುಕೊಂಡು ಹೋಗಿ ನೀಲವ್ವನನ್ನು ಹಿಂದೆ ಕೂರಿಸಿಕೊಂಡು ಬಂದಳು.

ನೀಲವ್ವ ಚೀಟಿ ಕಿತ್ತ ಸ್ಲೈಡುಗಳನ್ನು ನೋಡಿದಳು.

ಆಮೇಲೆ ಒಂದನ್ನೆತ್ತಿ ಕಿಟಕಿಯ ಬೆಳಕಿಗೆ ಓರೆ ಹಿಡಿದಳು. ಗಾಜಿನ ಅಂಚಿನಲ್ಲಿ ಸಣ್ಣ ಕನ್ನಡ ಅಂಕಿಗಳು ಮಿಂಚಿದವು.

"ಕಾಗದದ್ದು ಏನ್ ಗ್ಯಾರಂಟಿರೀ ಸರ್? ಅದಕ್ಕ ಎಲ್ಲಾದಕ್ಕೂ ವಜ್ರದ ಮೊನಿ ಪೆನ್ಸಿಲಿನಿಂದ ಇಲಿಗೆ ಎಷ್ಟು ತಿಂಗಳಾ ಅಂತ ಕೊರೆದಿಟ್ಟೀನಿ."

"ಅಯ್ಯ... ಅವು ಗೀರು ಅಂತ ತಿಳ್ಕೊಂಡಿದ್ನಲ್ಲ!" ಎಂದರು ಇಟಗಿ ಸರ್.

"ಮೂವತ್ತು ವರ್ಷ ನಾನೂ ನಿಮಗ ಹಂಗ ಕಂಡೀನಿ, ತಗೋರಿ."

ಎರಡು ದಿನ ಕೂತು ನೀಲವ್ವ ಪ್ರತಿ ಸ್ಲೈಡಿಗೂ ಮತ್ತೆ ಚೀಟಿ ಬರೆದಳು. ಕನ್ನಡದಲ್ಲೇ.

ಸಮ್ಮೇಳನದ ದಿನ ಗುರುಪಾದನ ದೊಡ್ಡ ಫೋಟೋ, ಹಾರ, ಎರಡು ನಿಮಿಷ ಮೌನ... ಎಲ್ಲ ಆಯಿತು. ಕಾರ್ಯಕ್ರಮದ ಪುಸ್ತಿಕೆಯಲ್ಲಿ ಮಾತ್ರ ನೀಲವ್ವನ ಹೆಸರು ಎಲ್ಲೂ ಇರಲಿಲ್ಲ.

ಮಧುಮತಿ ಒಂದು ಕುರ್ಚಿ ಎಳೆದು ತಂದು ಸ್ಲೈಡುಗಳ ಟೇಬಲ್ಲಿನ ಹಿಂದೆ ನೀಲವ್ವನನ್ನು ಕೂರಿಸಿದಳು.

"ಅಮ್ಮಾ, ಪ್ರೋಟೋಕಾಲ್ ಅಂತ ಇರ್ತದ..." ಇಟಗಿ ಸರ್ ಪಿಸುಗುಟ್ಟಿದರು.

ಮಧುಮತಿ ಫೈಲಿನ ಮೊದಲ ಪುಟ ತೆರೆದು ಹಿಡಿದಳು. "ಅವರು ಮಾತು ಕೊಟ್ಟಾರ್ರೀ ಸರ್."

ಇಟಗಿ ಸರ್ ಆ ಕೈಬರಹ ಓದಿದರು. ಫೋಟೋದ ಕಡೆ ನೋಡಿದರು. ಪಕ್ಕಕ್ಕೆ ಸರಿದು ನಿಂತರು.

ದೂರದಿಂದ ಬಂದಿದ್ದ ಹಿರಿಯ ವಿಜ್ಞಾನಿಯೊಬ್ಬರು ಮೈಕ್ರೋಸ್ಕೋಪಿನಲ್ಲಿ ಕಣ್ಣಿಟ್ಟು ಇಂಗ್ಲಿಷಿನಲ್ಲಿ ಕೇಳಿದರು, ಈ ಇಲಿಗೆ ಎಷ್ಟು ವಯಸ್ಸು?

"ಇಕಿ ಗೌರವ್ವ" ಎಂದಳು ನೀಲವ್ವ. "ಎರಡು ವರ್ಷ ಒಂದು ತಿಂಗಳು. ಕಡೀ ಬಸಿರಿನಾಗ ಒಂದೇ ಮರಿ ಹಾಕಿದ್ಲು. ಅದನ್ನ ನೆಕ್ಕಿ ನೆಕ್ಕಿ ಸಾಕಿದ್ಲ್ರೀ."

ಮಧುಮತಿ ಇಂಗ್ಲಿಷಿಗೆ ತಿರುಗಿಸಿದಳು. ಕೊನೆಯ ಮಾತನ್ನು ಫೋಟೋದ ಕಡೆ ನೋಡುತ್ತ ಹೇಳಿದಳು...

ಆ ವಿಜ್ಞಾನಿ ಪೆನ್ನು ತೆಗೆದರು. ಕೇಳಿ ಬರೆದುಕೊಂಡದ್ದು ಇಲಿಯ ಹೆಸರಲ್ಲ. ನೀಲವ್ವನ ಹೆಸರು.

ಸಂಜೆ ಇಟಗಿ ಸರ್ ಬಂದು, "ಪೆಟ್ಟಿಗಿ ನಮ್ಮ ಮ್ಯೂಸಿಯಂನಾಗ ಇಡೋಣ, ವಿಭಾಗದ ಆಸ್ತಿ ಅದು" ಎಂದರು.

"ಕಸಕ್ಕ ಹಾಕಿದಾಗ ಯಾರ ಆಸ್ತಿ ಆಗಿತ್ರೀ ಸರ್?"

ಮಧುಮತಿ ಪೆಟ್ಟಿಗೆಯನ್ನು ಸ್ಕೂಟರಿಗೆ ಕಟ್ಟಿಕೊಂಡು ಹೊರಟಳು.

ಆಗಲೇ ಮನೆ ಸೇರಿದ್ದ ನೀಲವ್ವ ಬಾಗಿಲು ತೆರೆದಳು. ಪೆಟ್ಟಿಗೆಯತ್ತ ನೋಡಲೇ ಇಲ್ಲ. ಮಧುಮತಿಯ ಮುಖ ನೋಡಿದಳು.

"ಉಂಡೀಯೇನವಾ?"

ಒಂಬತ್ತು ದಿನದಲ್ಲಿ ಪಾಸ್‌ವರ್ಡ್ ಕೇಳಿದವರಿದ್ದರು... ಫೈಲ್ ಕೇಳಿದವರಿದ್ದರು... ಹೋಳಿಗೆಯೋ ಜಿಲೇಬಿಯೋ ಎಂದು ಕೇಳಿದವರೂ ಇದ್ದರು.

ಇದನ್ನು ಯಾರೂ ಕೇಳಿರಲಿಲ್ಲ.

ಹೊಸ್ತಿಲಲ್ಲಿ ನಿಂತೇ ಮಧುಮತಿ ಅತ್ತಳು. ಅಷ್ಟು ದಿನದ್ದೆಲ್ಲ ಸೇರಿಸಿ ಅತ್ತಳು.

ಆಮೇಲೆ ಕಣ್ಣೊರೆಸಿಕೊಂಡು ಎರಡೂ ಕೈಯಲ್ಲಿ ಪೆಟ್ಟಿಗೆ ಚಾಚಿದಳು.

"ಅವರು ಒಯ್ದಿದ್ರಲ್ರೀ... ತಂದೀನಿ."

*

ಹೋದವರ ಫೋಟೋಗೆ ಹಾರ ಹಾಕುವುದು ಸುಲಭ... ಅವರು ಅರ್ಧಕ್ಕೆ ಬಿಟ್ಟುಹೋದ ಮಾತನ್ನು ನಡೆಸುವುದೇ ಅವರಿಗೆ ಸಲ್ಲುವ ಗೌರವ.

ನೀವು ದಿನವೂ ಕೆಲಸ ಮಾಡುವ ಜಾಗದಲ್ಲಿ, ಬರೀ ಗೀರು ಎಂದುಕೊಂಡು ನೀವು ಓದದೇ ಬಿಟ್ಟ ನೀಲವ್ವ ಯಾರು?