ಗೇಟಿಗೆ ಒತ್ತಿದ ಹಲಗೆ

"ಪೈಪ್ ಬಿಡಬ್ಯಾಡ, ಸ್ಮಿತಾ. ಬೆಳಗಾಗೂದ್ರಾಗ ಗಟ್ಟಿ ಐಸ್ ಆಗ್ತದ, ಸ್ಕೇಟಿಂಗ್ ಮಾಡೂಣು," ಎಂದ ಗಂಡ ಕಲ್ಮೇಶ್. ಅಮೆರಿಕದ ಫೇರ್‌ಫ್ಯಾಕ್ಸಿನ ಮನೆಯ ಹಿತ್ತಲಲ್ಲಿ ನೀರು ನಿಲ್ಲಲೆಂದು ಅವನು ಸುತ್ತ ಹಲಗೆ ನಿಲ್ಲಿಸಿ ಪ್ಲಾಸ್ಟಿಕ್ ಹಾಸಿದ್ದ. ಒಂದು ಹಲಗೆ, ಒಳಕ್ಕೆ ತೆರೆಯುವ ಗೇಟನ್ನೇ ಒತ್ತಿ ನಿಂತಿತ್ತು.

ಆಫೀಸಿಗೆ ಹೋಗುವಾಗ ಅವನು ಅವಳನ್ನು ಒಳಗೇ ಬಿಟ್ಟು ಮುಂಬಾಗಿಲಿಗೆ ಹೊರಗಿನಿಂದ ಬೀಗ ಹಾಕುತ್ತಿದ್ದ. ಪಕ್ಕದ ಮನೆಯ ರಾಜಲಕ್ಷ್ಮಿ ಆಂಟಿ ಅವಳನ್ನು ಡ್ರೈವಿಂಗ್ ಕಲಿಸಲು ಕರೆದೊಯ್ಯುತ್ತಿದ್ದುದು ಈ ಗೇಟಿನಿಂದಲೇ.

"ಗೇಟ್ ತೆಗೀಲಿಕ್ಕೆ ಬರೂದಿಲ್ರೀ."

"ಚಳಿ ಮುಗೀಲಿ. ಅಲ್ಲೀತನಕ ನಿನಗೇನು ಊರಾಗ ಮೆರವಣಿಗಿ ಐತೇನು?" ನಗುತ್ತ ಅವನು ಒಳಗೆ ಹೋದ.

ಶಾಲೆ ಬಿಟ್ಟಾಗಿನಿಂದ ಅಪ್ಪನ ಹೊಲದಲ್ಲಿ ಮಡಿಯಿಂದ ಮಡಿಗೆ ನೀರು ತಿರುವಿದವಳು ಸ್ಮಿತಾ. ಒಡ್ಡು ಎಲ್ಲಿ ಒಡೆಯಬೇಕೆಂದು ಅವಳ ಕೈಗೇ ಗೊತ್ತಿತ್ತು. ಪೈಪನ್ನು ಕೆಳಗಿಟ್ಟು, ಗೇಟಿನ ಬಳಿಯ ಹಲಗೆಯನ್ನು ಕಿತ್ತು, ಪ್ಲಾಸ್ಟಿಕ್ಕಿನ ಅಂಚನ್ನು ಕಾಲಿನಿಂದ ತುಳಿದಳು. ನೀರು ಗೇಟಿನಡಿಯಿಂದ ಆಂಟಿಯ ಹಿತ್ತಲಿಗೆ ನುಗ್ಗಿತು. ಗೇಟು ಎಳೆದು ತೆರೆದು, ನೀರಿನ ಹಿಂದೆಯೇ ಅವಳೂ ಹೊರಟಳು.