ಅಳತೆ ತಪ್ಪಿದ ರೊಟ್ಟಿಮಣೆ

"ಗಂಡಸು ಅನ್ನಿಸ್ಕೊಂಡೋನು ಮಾಡೋ ಕೆಲ್ಸ ಏನೋ ಇದು?"

ಮಲ್ಲಿಕಾರ್ಜುನಪ್ಪನವರ ದನಿಗೆ ಹಿತ್ತಿಲಲ್ಲಿ ಗರಗಸದ ಸದ್ದು ನಿಂತಿತು. ಮಗ ಈಶ್ವರ್ ತಲೆಯೆತ್ತಿ ನಕ್ಕ. ಸೊರಬದಲ್ಲಿ ಹೈಸ್ಕೂಲು ಮೇಷ್ಟ್ರು. ದಸರಾ ರಜೆಗೆಂದು ಹೆಂಡತಿ ಗಂಗಾಶ್ರೀಯೊಂದಿಗೆ ಶಿಕಾರಿಪುರದ ಮನೆಗೆ ಬಂದಿದ್ದ. ಬಂದವನು ಉಂಡು ಮಲಗುವುದು ಬಿಟ್ಟು, ಮೊಬೈಲಿನಲ್ಲಿ ನೋಡಿ ಕಲಿತುಕೊಂಡು, ಹಲಸಿನ ಹಲಗೆಯಲ್ಲಿ ನಾಲ್ಕು ಕಾಲಿನ ರೊಟ್ಟಿಮಣೆ ಮಾಡಲು ಕೂತಿದ್ದ.

"ಕೈಯಾರೆ ಮಾಡಿ ಕೊಡೋ ಉಡುಗೊರೆ, ಅಪ್ಪಾಜಿ. ಮನೇಲಿ ರೊಟ್ಟಿ ಬಡಿಯೋರಿಗೆ."

"ಸಂತೇಲಿ ಇಂಥವು ರಾಶಿ ಬಿದ್ದಾವೆ. ನಿನ್ನ ಬಿಎಡ್ಡು ಇದಕ್ಕೆ ಓದಿದ್ದೇನು?"

ಮಲ್ಲಿಕಾರ್ಜುನಪ್ಪನವರದು ಬೀಜ ಗೊಬ್ಬರದ ಅಂಗಡಿ. ಅಡುಗೆಮನೆಗೆ ಕಾಲಿಡುವ ಗಂಡಸರೆಂದರೆ ಅವರಿಗೆ ಮೈಯೆಲ್ಲ ಉರಿ. ಹೆಂಡತಿಯ ಬಾಣಂತನದಲ್ಲಿ ತಾನೇ ಅನ್ನ ಸಾರು ಮಾಡಿದೆನೆಂದು ತೊಗರ್ಸಿಯ ಲೋಕೇಶ ಬಾಯಿತಪ್ಪಿ ಹೇಳಿದ್ದೇ ತಡ, "ಯೂರಿಯಾ ಜೊತೆಗೆ ಒಂದು ಡಜನ್ ಬಳೆನೂ ಕಟ್ಟಿ ಕೊಡ್ಲೇನೋ?" ಎಂದು ಅಂಗಡಿ ತುಂಬಿದ್ದ ಜನರನ್ನೆಲ್ಲ ನಗಿಸಿದ್ದರು. ಪಾಪ, ಲೋಕೇಶ ಅಂದಿನಿಂದ ಗೊಬ್ಬರಕ್ಕೆ ಬೇರೆ ಅಂಗಡಿ ನೋಡಿಕೊಂಡಿದ್ದ.

ಈಗ ಸ್ವಂತ ಮಗನೇ ಮಣೆ ಉಜ್ಜುತ್ತ ಕೂತಿದ್ದಾನೆಂದು ಆ ಲೋಕೇಶನ ಕಿವಿಗೆ ಬಿದ್ದರೆ? ಊರನ್ನು ನಗಿಸಿದವರನ್ನು ನೋಡಿ ಊರೇ ನಗುತ್ತದೆ. ಸಾಲದ್ದಕ್ಕೆ ಭಾನುವಾರ ಸೊರಬದಿಂದ ಬೀಗರು ಊಟಕ್ಕೆ ಬರುವವರು. ಅವರೆದುರಿಗೇ ಅದನ್ನು ತಾಯಿಯ ಕೈಗೆ ಕೊಡುತ್ತಾನಂತೆ! ಇಷ್ಟು ವರ್ಷ ಕಾಪಾಡಿಕೊಂಡು ಬಂದ ಗತ್ತು ಒಂದು ಹಲಗೆಯ ಮುಂದೆ ಮಣ್ಣುಪಾಲಾಗುವ ಹಾಗಿತ್ತು.

ಆ ಮನೆಯಲ್ಲಿ ದೇವರ ಕೋಣೆ ದಾಟಿಯೇ ಅಡುಗೆಮನೆಗೆ ಹೋಗಬೇಕು. ಬೆಳಿಗ್ಗೆ ಯಜಮಾನರು ಪೂಜೆಗೆಂದು ಒಳಗೆ ಹೋಗಿ ಚಿಲಕ ಹಾಕಿದರೆಂದರೆ, ಅವರು ಹೊರಬರುವ ತನಕ ಯಾರೂ ಆ ಕಡೆ ಸುಳಿಯುವಂತಿಲ್ಲ. ಮುಚ್ಚಿದ ಬಾಗಿಲಾಚೆಯಿಂದ ಕೇಳುವುದು ಪಟಪಟ ರೊಟ್ಟಿ ಬಡಿಯುವ ಸದ್ದೊಂದೇ. ಈಶ್ವರನ ತಾಯಿ ನೀಲಾಂಬಿಕರ ಮನೆಯ ಜೋಳದ ರೊಟ್ಟಿಯ ಹೆಸರು ಸೊರಬದವರೆಗೂ ಹೋಗಿತ್ತು. ಹಿಂದಿನ ವರ್ಷ ಅವರು ಹಿತ್ತಿಲಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಾಗಲೂ, ಪಟ್ಟಿ ಬಿಚ್ಚುವ ಮೊದಲೇ ಆ ಸದ್ದು ಶುರುವಾಗಿತ್ತು. ಎಂಥ ಗಟ್ಟಿ ಹೆಂಗಸು ಎಂದು ಓಣಿಯೇ ಹೊಗಳಿತ್ತು.

ಮರುದಿನವೂ ಚಿಲಕ ತೆಗೆದು ಮಲ್ಲಿಕಾರ್ಜುನಪ್ಪ ಹೊರಗೆ ಬಂದರು. ಒಂದು ಕೈ ಸೊಂಟದ ಮೇಲೆ. ಗಲ್ಲಾಪೆಟ್ಟಿಗೆ ಮುಂದೆ ಕೂತೂ ಕೂತೂ ಸೊಂಟ ಹಿಡಿದಿದೆ ಎನ್ನುತ್ತಿದ್ದರು.

"ಮಾವ, ಮೊಣಕೈ ತನಕ ವಿಭೂತಿ. ಕಿವಿಗೂ ತಾಗಿದೆ," ಎಂದಳು ಗಂಗಾಶ್ರೀ.

"ಪೂಜೆ ಅಂದ್ರೆ ನಿಮ್ಮ ಕಾಲದೋರಿಗೆ ಏನು ಗೊತ್ತಮ್ಮ?" ಎಂದು ಅವರು ಟವೆಲ್ಲಿನಿಂದ ಕಿವಿ ಒರೆಸಿಕೊಂಡರು. ಗಂಗಾಶ್ರೀ ಗಂಡನ ಮುಖ ನೋಡಿದಳು. ಅವನು ಬಗ್ಗಿ ಹಲಗೆಗೆ ಉಪ್ಪುಕಾಗದ ತಿಕ್ಕತೊಡಗಿದ.

ನೀಲಾಂಬಿಕ ಎಡಗೈಯಲ್ಲಿ ಚಹಾದ ಲೋಟ ಹಿಡಿದು ಬಂದರು. ಕುಳ್ಳನೆಯ ಹೆಂಗಸು, ಮಾತು ಕಡಿಮೆ, ನಗು ಜಾಸ್ತಿ.

"ಮಾಡ್ಲಿ ಬಿಡ್ರಿ. ರೊಟ್ಟಿ ಬಡಿಯೋರ ಸೊಂಟಾನಾದ್ರೂ ಉಳಿಲಿ."

"ನೀನೊಬ್ಬಳು ಅವನನ್ನ ಅಟ್ಟ ಹತ್ತಿಸು!"

ಅಷ್ಟರಲ್ಲಿ ಈಶ್ವರ್ ಅಳತೆಯ ಟೇಪು ತಂದ. "ಅಪ್ಪಾಜಿ, ಇದರ ತುದಿ ಹಿಡ್ಕಳ್ರಿ. ಹಂಗೇ ನೆಟ್ಟಗೆ ನಿಂತ್ಕಳ್ರಿ." ಅವರು ಗೊಣಗುತ್ತಲೇ ಹಿಡಿದರು. ಮೊಣಕೈಯಿಂದ ಟೇಪು ನೆಲದವರೆಗೆ ಇಳಿಯಿತು. ಮಗ ಏನನ್ನೋ ಕೂಡಿ ಕಳೆದು, ಮಣೆಯ ಕಾಲುಗಳಿಗೆ ಪೆನ್ಸಿಲಿನ ಗುರುತು ಹಾಕಿದ.

ಮಲ್ಲಿಕಾರ್ಜುನಪ್ಪನವರಿಗೆ ನಗು ತಡೆಯಲಾಗಲಿಲ್ಲ. "ಇದು ಮಣೆ ಕಾಲೋ, ಕರೆಂಟ್ ಕಂಬವೋ?"

ಭಾನುವಾರ ಬೀಗರು ಬಂದರು. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿಯ ಊಟವಾಯಿತು. ಬೀಗಿತಿ ಮೂರನೆಯ ರೊಟ್ಟಿ ಹಾಕಿಸಿಕೊಂಡು, "ನಿಮ್ಮ ಕೈಗೆ ಎಂತ ಹದ ಮಾರಾಯ್ರೆ!" ಎಂದು ನೀಲಾಂಬಿಕರನ್ನು ಹಾಡಿ ಹೊಗಳಿದರು. ನೀಲಾಂಬಿಕ ಸೆರಗು ಬಾಯಿಗೆ ಹಿಡಿದು ನಕ್ಕರು. ಮಲ್ಲಿಕಾರ್ಜುನಪ್ಪ ಯಾಕೋ ಕೆಮ್ಮಿದರು.

ಊಟ ಮುಗಿದ ಮೇಲೆ ಈಶ್ವರ್ ಮಣೆ ತಂದು ತಾಯಿಯ ಮುಂದಿಟ್ಟ. ಕೊಬ್ಬರಿ ಎಣ್ಣೆ ಸವರಿದ ಹಲಗೆ ಮಿರಮಿರ ಮಿಂಚುತ್ತಿತ್ತು. ಎಲ್ಲರೂ ಅಡುಗೆಮನೆಗೆ ನುಗ್ಗಿದರು. ಒಲೆಕಟ್ಟೆಯ ಮೇಲೆ ಇಟ್ಟಾಗ ಮಣೆ ನೀಲಾಂಬಿಕರ ಎದೆಯ ಮಟ್ಟಕ್ಕೆ ಬಂತು. ಅದರ ಮೇಲೆ ರೊಟ್ಟಿ ಬಡಿಯಬೇಕೆಂದರೆ ಅವರು ಸ್ಟೂಲು ಹತ್ತಬೇಕು.

ಬೀಗಿತಿ ಮೊದಲು ನಕ್ಕರು. ಆಮೇಲೆ ಎಲ್ಲರೂ ನಕ್ಕರು. ಮಲ್ಲಿಕಾರ್ಜುನಪ್ಪನವರಿಗೆ ಹೋದ ಜೀವ ಬಂದಂತಾಯಿತು. ಮಗ ಮಣೆ ಮಾಡಿದ ಎನ್ನುವುದಕ್ಕಿಂತ, ಮಾಡಲು ಹೋಗಿ ಕೆಡಿಸಿದ ಎನ್ನುವುದು ಎಷ್ಟೋ ವಾಸಿ.

"ನೋಡಿದ್ರಾ ಬೀಗ್ರೆ? ಹುಡುಗರಿಗೆ ಲೆಕ್ಕ ಹೇಳ್ಕೊಡೋ ಮೇಷ್ಟ್ರು! ಹೆತ್ತ ತಾಯಿ ಎತ್ತರ ಎಷ್ಟು ಅಂತ ಗೊತ್ತಿಲ್ಲ. ಗಂಡಸರಿಗೆ ಯಾಕ್ರೀ ಈ ಉಸಾಬರಿ?"

ಈಶ್ವರ್ ಮಣೆಯ ಮೇಲೆ ಒಮ್ಮೆ ಕೈಯಾಡಿಸಿದ. "ಇರ್ಲಿ ಬಿಡ್ರಿ ಅಪ್ಪಾಜಿ. ಬಡಿಯೋರು ಒಂದಿನ ಬಡಿದು ನೋಡ್ಲಿ," ಎಂದಷ್ಟೇ ಹೇಳಿದ.

ಸೋಮವಾರ ಬೆಳಿಗ್ಗೆ ಎಂದಿನಂತೆ ಚಿಲಕ ಬಿತ್ತು. ನೀಲಾಂಬಿಕ ಎಡಗೈಯಿಂದಲೇ ಒಲೆ ಹಚ್ಚಿ, ಹಂಚು ಇಟ್ಟು, ಗೋಡೆ ಪಕ್ಕದ ಸ್ಟೂಲಿನ ಮೇಲೆ ಕೂತರು. ಬಲಗೈ ಮಡಿಲಲ್ಲೇ ಇತ್ತು.

"ಏನ್ರೀ, ಅಳತೆ ತಪ್ಪೈತಾ?"

ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡು, ಸೊಂಟವನ್ನು ಎಳ್ಳಷ್ಟೂ ಬಗ್ಗಿಸದೆ, ಹೊಸ ಮಣೆಯ ಮೇಲೆ ಪಟಪಟ ರೊಟ್ಟಿ ಬಡಿಯುತ್ತಿದ್ದ ಮಲ್ಲಿಕಾರ್ಜುನಪ್ಪನವರು ಇನ್ನೊಂದು ಹಿಟ್ಟಿನುಂಡೆಗೆ ಕೈ ಹಾಕಿದರು.